ಗೆರೆಯಾಚೆಯ ಅಗ್ಗದ ಕೋಣೆ

ಕಳೆದ ಮೇ ತಿಂಗಳ ಒಂದು ಸಂಜೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಹೆಂಡತಿಯನ್ನು ಕರೆದುಕೊಂಡು ಮನೆಗೆ ಬಂದಿದ್ದ. ಇಪ್ಪತ್ತು ವರ್ಷಗಳ ಹಿಂದೆ ನಮ್ಮ ಶಾಲೆಯ ಹತ್ತನೆಯ ತರಗತಿಯಲ್ಲಿ ಹಿಂದಿನ ಬೆಂಚಿನಲ್ಲಿ ಕುಳಿತು, ಲೆಕ್ಕದಲ್ಲಿ ಮಾತ್ರ ಮುಂದಿನ ಬೆಂಚಿನವರನ್ನೆಲ್ಲ ಮೀರಿಸುತ್ತಿದ್ದ ಹುಡುಗ. ಈಗ ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ರಾಜಧಾನಿಯಾದ ಸ್ಯಾಕ್ರಮೆಂಟೋದಲ್ಲಿ ಕಂಪ್ಯೂಟರ್ ಉದ್ಯೋಗದಲ್ಲಿದ್ದಾನೆ. ಹುಡುಗಿಯ ತವರು ಬಂಟ್ವಾಳದ ಕಡೆ. ನನ್ನ ಮನೆಯಾಕೆ ಗೋಳಿಬಜೆ ಕರಿದು ತಂದಿಟ್ಟಳು. ಕಾಫಿ ಕುಡಿಯುತ್ತ ಅವನು ಮೊಬೈಲಿನಲ್ಲಿ ಚಿತ್ರಗಳನ್ನು ತೋರಿಸತೊಡಗಿದ. ಸುತ್ತಲೂ ಬೆಳ್ಳಗಿನ ಬೆಟ್ಟ, ನಡುವೆ ನೀಲಿಯ ಬಟ್ಟಲಿನಂತೆ ಒಂದು ಸರೋವರ. ಟಾಹೋ ಎಂದು ಅದರ ಹೆಸರು. ಜನವರಿಯಲ್ಲಿ ಗಂಡಹೆಂಡಿರು ಎರಡು ರಾತ್ರಿ ಅಲ್ಲಿ ಕಳೆದು ಬಂದರಂತೆ.

“ಅಷ್ಟು ಚಳಿಯಲ್ಲಿ ಯಾಕೆ ಹೋದಿರಿ, ಬೇಸಿಗೆಯಲ್ಲಿ ಹೋಗಬಾರದಿತ್ತೇ?” ಎಂದು ಕೇಳಿದೆ.

“ಕೋಣೆ ಅಗ್ಗ ಸರ್. ವಾರದ ನಡುವೆ ಹೋದರೆ ಇನ್ನೂ ಅಗ್ಗ” ಎಂದಳು ಹುಡುಗಿ. ಹೇಳಿ ಗಂಡನ ಮುಖ ನೋಡಿ ನಕ್ಕಳು. ಅವನು ನಗಲಿಲ್ಲ. ಲೋಟದೊಳಗಿನ ಕಾಫಿಯನ್ನೇ ನೋಡುತ್ತಿದ್ದ.

ಇಪ್ಪತ್ತಕ್ಕೂ ಹೆಚ್ಚು ವರ್ಷ ಮಕ್ಕಳ ಮುಖ ನೋಡಿ ನೋಡಿ ಬಂದವನಿಗೆ ಇಂತಹ ನೋಟದಲ್ಲಿ ಏನೋ ಉಂಟೆಂದು ತಿಳಿಯುವುದು ಕಷ್ಟವಲ್ಲ. ಅಂದು ರಾತ್ರಿ ಊಟಕ್ಕೂ ಅವರನ್ನು ನಿಲ್ಲಿಸಿಕೊಂಡೆವು. ಮುಂದೆ ಹೇಳುವುದು ಅವರಿಬ್ಬರ ಬಾಯಿಂದ ಕೇಳಿದ ಸಂಗತಿ, ಅದರ ಜತೆಗೆ ನಾನು ಓದಿ ತಿಳಿದುಕೊಂಡ ಸಂಗತಿ. ಹೆಸರು ಹಾಕದಿದ್ದರೆ ಬರೆಯಬಹುದೆಂದು ಇಬ್ಬರೂ ಒಪ್ಪಿದ್ದಾರೆ.

ಸ್ಯಾಕ್ರಮೆಂಟೋದಿಂದ ಪೂರ್ವಕ್ಕೆ ಹೊರಟರೆ ಸುಮಾರು ನೂರು ಮೈಲು ದಾರಿ, 50ನೇ ನಂಬ್ರದ ಹೆದ್ದಾರಿ. ಒಳ್ಳೆಯ ದಿನದಲ್ಲಿ ಎರಡು ಗಂಟೆಯ ಪ್ರಯಾಣ. ಮೊದಲು ಬಯಲು, ಆಮೇಲೆ ಪೈನ್ ಮರಗಳ ಕಾಡು, ಆಮೇಲೆ ಸಿಯೆರಾ ನೆವಾಡ ಪರ್ವತಗಳ ಏರು. ಎಕೋ ಸಮಿಟ್ ಎಂಬ ಕಣಿವೆದಾರಿ 7,300 ಅಡಿಗಿಂತಲೂ ಎತ್ತರದಲ್ಲಿದೆ. ಅದನ್ನು ದಾಟಿದೊಡನೆ ಕೆಳಗೆ ಸರೋವರ ಕಾಣುತ್ತದೆ. ಚಳಿಗಾಲದಲ್ಲಿ ಈ ಏರಿನಲ್ಲಿ ಕಾರಿನ ಚಕ್ರಗಳಿಗೆ ಕಬ್ಬಿಣದ ಸರಪಳಿ ಬಿಗಿಯಬೇಕು. ಇಲ್ಲವಾದರೆ ಗಾಡಿಯನ್ನು ಮುಂದೆ ಬಿಡುವುದಿಲ್ಲ. ಹುಡುಗ ರಸ್ತೆಯ ಬದಿಯಲ್ಲಿ ಹಿಮದ ಮೇಲೆ ಬೋರಲು ಮಲಗಿ ಸರಪಳಿ ಕಟ್ಟುವ ಚಿತ್ರವೂ ಇತ್ತು. ನಮ್ಮ ಊರಿನಲ್ಲಿ ಮುಂಡು ಎತ್ತಿ ಕಟ್ಟಿ ತೋಟದ ಕೆಸರಿಗೆ ಇಳಿಯುತ್ತಿದ್ದವನೇ!

ಟಾಹೋ ಸರೋವರದ ನೀರು ನಿಂತಿರುವುದು ಸಮುದ್ರಮಟ್ಟದಿಂದ ಸುಮಾರು 6,225 ಅಡಿ ಎತ್ತರದಲ್ಲಿ. ಓದುಗರಿಗೆ ಅಂದಾಜು ಸಿಗುವಂತೆ ಹೇಳುವುದಾದರೆ ನಮ್ಮ ಕುದುರೆಮುಖದ ಶಿಖರ ಎಷ್ಟು ಎತ್ತರವೋ ಹೆಚ್ಚು ಕಡಿಮೆ ಅಷ್ಟೇ ಎತ್ತರದಲ್ಲಿ ಅಲ್ಲಿನ ದೋಣಿಗಳು ತೇಲುತ್ತವೆ. ಉದ್ದ 22 ಮೈಲು, ಅಗಲ 12 ಮೈಲು, ದಂಡೆಯ ಸುತ್ತಳತೆ 72 ಮೈಲು. ಅತ್ಯಂತ ಆಳವಾದಲ್ಲಿ 1,645 ಅಡಿ. ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಇದಕ್ಕಿಂತ ಆಳದ ಸರೋವರ ಇನ್ನೊಂದೇ ಒಂದು ಇದೆ. ಟಾಹೋದ ನೀರನ್ನೆಲ್ಲ ಚೆಲ್ಲಿದರೆ ಇಡೀ ಕ್ಯಾಲಿಫೋರ್ನಿಯಾ ರಾಜ್ಯದ ಮೇಲೆ 14 ಇಂಚು ನೀರು ನಿಂತೀತೆಂದು ಲೆಕ್ಕ ಹಾಕಿದ್ದಾರೆ.

ಆ ನೀರು ಚಳಿಗಾಲದಲ್ಲಿ ಹೆಪ್ಪುಗಟ್ಟುವುದಿಲ್ಲವೇ ಎಂದು ನನ್ನ ಮನೆಯಾಕೆ ಕೇಳಿದಳು. ಒಳ್ಳೆಯ ಪ್ರಶ್ನೆ. ಇಲ್ಲ, ಹೆಪ್ಪುಗಟ್ಟುವುದಿಲ್ಲ. ಮೇಲಿನ ನೀರು ತಣ್ಣಗಾದೊಡನೆ ಭಾರವಾಗಿ ಕೆಳಗಿಳಿಯುತ್ತದೆ, ಕೆಳಗಿನ ಬೆಚ್ಚಗಿನ ನೀರು ಮೇಲೇರುತ್ತದೆ. ನೀರು ನಾಲ್ಕು ಡಿಗ್ರಿ ಸೆಂಟಿಗ್ರೇಡಿನಲ್ಲಿ ಅತ್ಯಂತ ಭಾರವಾಗಿರುತ್ತದೆಂದು ಎಂಟನೆಯ ತರಗತಿಯವರೂ ಬಲ್ಲರು. ಸಣ್ಣ ಕೆರೆಯಾದರೆ ಮೇಲಿನಿಂದ ಕೆಳಗಿನ ತನಕ ಬೇಗ ತಣಿದು, ಆಮೇಲೆ ಮೇಲ್ಮೈಯಲ್ಲಿ ಮಂಜುಗಡ್ಡೆ ಕಟ್ಟುತ್ತದೆ. ಟಾಹೋದಷ್ಟು ನೀರು ಹಾಗೆ ತಣಿದು ಮುಗಿಯುವ ಮೊದಲೇ ಚಳಿಗಾಲ ಮುಗಿದುಹೋಗುತ್ತದೆ! ಎಮೆರಾಲ್ಡ್ ಬೇ ಎಂಬ ಒಂದು ಕಿರುಕೊಲ್ಲಿಯಲ್ಲಿ ಮಾತ್ರ ಕೆಲವು ವರ್ಷ ಗಡ್ಡೆ ಕಟ್ಟುವುದುಂಟು.

ವಾಶೋ ಎಂಬ ಮೂಲನಿವಾಸಿಗಳ ಊರು ಅದು. ಟಾಹೋ ಎಂಬ ಹೆಸರೂ ಸರೋವರಕ್ಕೆ ಅವರ ಭಾಷೆಯಲ್ಲಿರುವ ಮಾತನ್ನು ಬಿಳಿಯರು ತಮ್ಮ ನಾಲಗೆಗೆ ಬಂದಂತೆ ಹೇಳಿದ್ದರಿಂದ ಆದದ್ದು. ಬೇಸಿಗೆ ಬಂದಾಗ ಸುತ್ತಲಿನ ಕಣಿವೆಗಳಿಂದ ಬಂದು ದಂಡೆಯಲ್ಲಿ ಒಟ್ಟುಸೇರಿ ಮೀನು ಹಿಡಿಯುವುದು ಅವರ ಪದ್ಧತಿಯಾಗಿತ್ತು. 1844ರ ಫೆಬ್ರವರಿಯಲ್ಲಿ ಫ್ರೆಮಾಂಟ್ ಎಂಬ ಸೇನಾಧಿಕಾರಿ ಬೆಟ್ಟದ ಮೇಲಿನಿಂದ ಸರೋವರವನ್ನು ಕಂಡ. 1859ರಲ್ಲಿ ಪಕ್ಕದ ವರ್ಜೀನಿಯಾ ಸಿಟಿಯಲ್ಲಿ ಬೆಳ್ಳಿಯ ಗಣಿ ಸಿಕ್ಕಿತು. ಗಣಿಯ ಸುರಂಗಗಳಿಗೆ ಊರೆ ಕೊಡಲೆಂದು ಸರೋವರದ ಸುತ್ತಲಿನ ಕಾಡನ್ನೆಲ್ಲ ಕಡಿದು ಸಾಗಿಸಿದರು. ಈಗ ಚಿತ್ರದಲ್ಲಿ ಕಾಣುವ ಮರಗಳಲ್ಲಿ ಹೆಚ್ಚಿನವು ಆಮೇಲೆ ಬೆಳೆದವು.

ನೀರಿನ ನಡುವೆ ತಿರುಗುವ ಗಡಿ

ಅಗ್ಗದ ಕೋಣೆಯ ಗುಟ್ಟು ತಿಳಿಯಬೇಕಾದರೆ ಆ ಸರೋವರದ ಭೂಪಟ ನೋಡಬೇಕು. 1850ರಲ್ಲಿ ಕ್ಯಾಲಿಫೋರ್ನಿಯಾ ರಾಜ್ಯವಾದಾಗ ಅದರ ಪೂರ್ವದ ಗಡಿಯನ್ನು ಬೆಟ್ಟ ಹೊಳೆಗಳನ್ನು ನೋಡಿ ಗುರುತಿಸಲಿಲ್ಲ. 120ನೇ ರೇಖಾಂಶದಲ್ಲಿ ನೇರ ತೆಂಕಕ್ಕೆ ಬಂದು, 39ನೇ ಅಕ್ಷಾಂಶ ಮುಟ್ಟಿದಲ್ಲಿ ಓರೆಯಾಗಿ ಆಗ್ನೇಯಕ್ಕೆ ತಿರುಗಬೇಕೆಂದು ಬರೆದರು. ಆ ತಿರುವು ಬಿದ್ದದ್ದು ಸರಿಯಾಗಿ ಟಾಹೋ ಸರೋವರದ ನೀರಿನ ಮೇಲೆ! ಹಾಗಾಗಿ ದಂಡೆಯ ಸುಮಾರು ಮೂರರಲ್ಲಿ ಎರಡು ಪಾಲು ಕ್ಯಾಲಿಫೋರ್ನಿಯಾಕ್ಕೆ ಸೇರಿತು, ಒಂದು ಪಾಲು ನೆವಾಡಕ್ಕೆ. ಮೇಜಿನ ಮೇಲೆ ಎಳೆದ ಗೆರೆ ಜನರ ಬಾಳಿನಲ್ಲಿ ಎಷ್ಟು ದೂರ ಹೋಗುತ್ತದೆಂದು ಈ ಜಿಲ್ಲೆಯ ಓದುಗರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ.

1931ರ ಮಾರ್ಚ್ 19ರಂದು ನೆವಾಡ ರಾಜ್ಯ ಜೂಜನ್ನು ಕಾನೂನುಬದ್ಧಗೊಳಿಸಿತು. ಮರುಭೂಮಿಯ ರಾಜ್ಯ, ಜನ ಕಡಿಮೆ, ಆರ್ಥಿಕ ಮುಗ್ಗಟ್ಟಿನ ಕಾಲ. ಅದೇ ವರ್ಷ ಇನ್ನೊಂದು ಕಾನೂನನ್ನೂ ಮಾಡಿದರು. ಆರು ವಾರ ಆ ರಾಜ್ಯದಲ್ಲಿ ವಾಸವಿದ್ದರೆ ವಿವಾಹ ವಿಚ್ಛೇದನ ಸಿಗುವ ಕಾನೂನು. ಇಂದು ದಂಪತಿಗಳ ವಿಹಾರಕ್ಕೆ ಹೆಸರಾದ ಆ ಸೀಮೆ ಒಂದು ಕಾಲದಲ್ಲಿ ದಂಪತಿಗಳನ್ನು ಬಿಡಿಸುವುದಕ್ಕೆ ಹೆಸರಾಗಿತ್ತು. ಕ್ಯಾಲಿಫೋರ್ನಿಯಾದಲ್ಲಾದರೋ ಇಂತಹ ಜೂಜುಕಟ್ಟೆಗೆ ಅವಕಾಶವಿರಲಿಲ್ಲ. ಅಂದ ಮೇಲೆ ಜೂಜುಕಟ್ಟೆಗಳು ಎಲ್ಲಿ ಏಳಬೇಕು? ಗೆರೆ ದಾಟಿ ಮೊದಲ ಹೆಜ್ಜೆ ಇಡುವಲ್ಲೇ ಎದ್ದವು. ಆ ಊರಿಗೆ ಹೆಸರೂ ಸ್ಟೇಟ್‌ಲೈನ್, ಅಂದರೆ ರಾಜ್ಯದ ಗೆರೆ. ಬಡಗು ದಂಡೆಯಲ್ಲಿ 1926ರಲ್ಲಿ ಕಟ್ಟಿದ ಕ್ಯಾಲ್-ನೇವಾ ಎಂಬ ವಸತಿಗೃಹದ ಒಳಗೇ ಗಡಿ ಹಾಯುತ್ತದೆ. ಅಲ್ಲಿನ ಈಜುಕೊಳದ ತಳದಲ್ಲಿ ಗೆರೆ ಬಳಿದಿದ್ದರು. ಒಂದು ರಾಜ್ಯದಲ್ಲಿ ಧುಮುಕಿ ಇನ್ನೊಂದರಲ್ಲಿ ಏಳಬಹುದಿತ್ತು, ಆದರೆ ಜೂಜಿನ ಮೇಜು ಮಾತ್ರ ನೆವಾಡದ ಬದಿಯಲ್ಲೇ ಇರಬೇಕು. 1960ರ ಹೊತ್ತಿಗೆ ಗಾಯಕ ಫ್ರ್ಯಾಂಕ್ ಸಿನಾತ್ರಾ ಅದರ ಪಾಲುದಾರನಾಗಿದ್ದ. ಭೂಗತ ಲೋಕದ ಸ್ಯಾಮ್ ಜಿಯಾಂಕಾನಾ ಅಲ್ಲಿ ತಂಗಿದ್ದ ಕಾರಣಕ್ಕೆ 1963ರಲ್ಲಿ ಸಿನಾತ್ರಾ ಜೂಜಿನ ಪರವಾನಿಗೆಯನ್ನು ಕಳೆದುಕೊಂಡ.

ತೆಂಕು ದಂಡೆಯ ಕಥೆ ಆರಂಭವಾಗುವುದೂ ಒಂದು ದಂಪತಿಯಿಂದಲೇ. ಸ್ಯಾಕ್ರಮೆಂಟೋದ ಮಾಂಸದ ವ್ಯಾಪಾರಿ ಹಾರ್ವಿ ಗ್ರಾಸ್ ಮತ್ತು ಆತನ ಹೆಂಡತಿ ಲೆವೆಲಿನ್ 1944ರಲ್ಲಿ ಗೆರೆಯ ಪಕ್ಕದಲ್ಲಿ ಮರದ ದಿಮ್ಮಿಯ ಒಂದು ಕೋಣೆ ಕಟ್ಟಿ ಊಟ, ಪಾನೀಯ, ಜೂಜು ಎಲ್ಲವನ್ನೂ ಅಲ್ಲೇ ನಡೆಸಿದರು. ಜೂಜಿಗೆಂದು ಇದ್ದದ್ದು ಕೆಲವೇ ಯಂತ್ರ, ಎರಡು ಇಸ್ಪೀಟು ಮೇಜು. ಅದೇ ಬೆಳೆದು ಬಹುಮಹಡಿಯ ಹೋಟೆಲಾಯಿತು. 1955ರಲ್ಲಿ ಬಿಲ್ ಹಾರಾ ಎಂಬ ಇನ್ನೊಬ್ಬ ವ್ಯಾಪಾರಿ ಎದುರಿನಲ್ಲೇ ಅಂಗಡಿ ತೆರೆದ. ಚಳಿಗಾಲದಲ್ಲಿ ಗಿರಾಕಿಗಳು ಬೆಟ್ಟ ಹತ್ತುವುದಿಲ್ಲವಲ್ಲ, ಅದಕ್ಕೆ ಕ್ಯಾಲಿಫೋರ್ನಿಯಾದ ಊರೂರುಗಳಿಂದ ಬಸ್ಸುಗಳಲ್ಲಿ ಜನರನ್ನು ಕರೆತರುವ ಏರ್ಪಾಡು ಮಾಡಿದ. ದೊಡ್ಡ ಶ್ರೀಮಂತರಲ್ಲ, ಸಣ್ಣ ಸಂಬಳದವರು, ಪಿಂಚಣಿಯವರು. 1973ರಲ್ಲಿ ಆತನ ದೊಡ್ಡ ಹೋಟೆಲು ತೆರೆದಾಗ ಪ್ರತಿ ಕೋಣೆಗೂ ಎರಡೆರಡು ಸ್ನಾನಗೃಹ! ಗಂಡನಿಗೊಂದು, ಹೆಂಡತಿಗೊಂದು. ಒಬ್ಬರು ಹೊರಡುವ ತನಕ ಇನ್ನೊಬ್ಬರು ಕಾಯುತ್ತ ಕೂತರೆ ಕೆಳಗಿನ ಮೇಜಿಗೆ ನಷ್ಟವಲ್ಲವೇ?

ನಮ್ಮ ದಂಪತಿ ಇಳಿದುಕೊಂಡದ್ದೂ ನೆವಾಡದ ಬದಿಯ ಒಂದು ಹೋಟೆಲಿನಲ್ಲಿ. ಯಾವುದೆಂದು ಬರೆಯುವುದು ಬೇಡ, ಅಲ್ಲಿನವರು ಇವರಿಗೆ ಮೋಸವೇನೂ ಮಾಡಲಿಲ್ಲ. ಗೆರೆಯ ಈಚೆ ಬದಿಯಲ್ಲಿ ಸಣ್ಣ ಸಣ್ಣ ವಸತಿಗೃಹಗಳು, ಆಚೆ ಬದಿಯಲ್ಲಿ ಆಕಾಶಕ್ಕೆ ಎದ್ದ ಕಟ್ಟಡಗಳು. ನಡುವೆ ಒಂದು ರಸ್ತೆ ದಾಟುವಷ್ಟೇ ದೂರ. ವಿಚಿತ್ರವೆಂದರೆ ಆ ದೊಡ್ಡ ಕಟ್ಟಡದ ಕೋಣೆಯೇ ಅಗ್ಗ. ಏಳನೆಯ ಮಹಡಿ, ಕಿಟಕಿ ತೆರೆದರೆ ಸರೋವರ. ಹುಡುಗಿ ಮನೆಯಿಂದ ಮೊಸರನ್ನ, ಚಪಾತಿ, ಮಿಡಿ ಉಪ್ಪಿನಕಾಯಿ ಕಟ್ಟಿಕೊಂಡು ಹೋಗಿದ್ದಳು. ಜಾಹೀರಾತಿನ ಬಾಡಿಗೆಯ ಮೇಲೆ ‘ರಿಸಾರ್ಟ್ ಶುಲ್ಕ’ ಎಂಬ ಒಂದು ಬಾಬತ್ತು ದಿನಕ್ಕಿಷ್ಟೆಂದು ಸೇರಿತ್ತು. ಹಾಗಿದ್ದೂ ಅಗ್ಗವೇ.

ಕೋಣೆಯಿಂದ ಎಲ್ಲಿಗೆ ಹೋಗಬೇಕಿದ್ದರೂ ಕೆಳಗೆ ಜೂಜಿನ ಅಂಗಣವನ್ನು ದಾಟಿಯೇ ಹೋಗಬೇಕು. ಅಲ್ಲಿ ಕಿಟಕಿಯಿಲ್ಲ, ಗೋಡೆಗಡಿಯಾರವೂ ಇಲ್ಲ. ಹಗಲೋ ಇರುಳೋ ತಿಳಿಯದು. ಸಾಲು ಸಾಲಾಗಿ ಮಿಣುಕುವ ಸ್ಲಾಟ್ ಯಂತ್ರಗಳು. ಅವುಗಳ ಮುಂದೆ ನಮ್ಮಲ್ಲಿ ಭಜನೆಗೆ ಕೂತ ಅಜ್ಜಿಯರ ವಯಸ್ಸಿನವರು ಏಕಾಗ್ರಚಿತ್ತರಾಗಿ ಗುಂಡಿ ಒತ್ತುತ್ತ ಕೂತಿರುತ್ತಾರೆ. ಆಡುತ್ತಿರುವವರಿಗೆ ಪಾನೀಯ ಧರ್ಮಕ್ಕೆ. ಹಣವನ್ನು ಮೇಜಿನಲ್ಲಿ ಬಣ್ಣದ ಬಿಲ್ಲೆಗಳಾಗಿ ಬದಲಿಸಿ ಕೊಡುತ್ತಾರೆ. ನೂರು ಡಾಲರಿನ ನೋಟನ್ನು ಎಸೆಯುವಾಗ ಕೈ ನಡುಗುತ್ತದೆ, ಕಪ್ಪು ಬಿಲ್ಲೆಯನ್ನು ನೂಕುವಾಗ ನಡುಗುವುದಿಲ್ಲ ಎಂದು ಹುಡುಗ ಹೇಳಿದ. ಅನುಭವದ ಮಾತು.

ಲೆಕ್ಕದ ಹುಡುಗನ ಲೆಕ್ಕ

ಹೊರಡುವ ಮೊದಲೇ ಇಬ್ಬರೂ ಮಾತಾಡಿಕೊಂಡಿದ್ದರು. ಜೂಜಿಗೆ ಇನ್ನೂರು ಡಾಲರ್, ಅದಕ್ಕಿಂತ ಒಂದು ಕಾಸೂ ಹೆಚ್ಚಿಲ್ಲ. ಹೋದರೆ ಸಿನಿಮಾ ನೋಡಿದೆವೆಂದು ತಿಳಿಯುವುದು. ಮೊದಲ ಸಂಜೆ ಅವನು ರೂಲೆಟ್ ಚಕ್ರದ ಮುಂದೆ ನಿಂತ. ಕೆಂಪಿಗೆ ಹತ್ತು ಡಾಲರ್ ಇಡುವುದು, ಸೋತರೆ ಇಪ್ಪತ್ತು, ಮತ್ತೆ ಸೋತರೆ ನಲವತ್ತು, ಹೀಗೆ ದುಪ್ಪಟ್ಟು ಮಾಡುತ್ತ ಹೋಗುವುದು. ಎಂದಾದರೂ ಒಮ್ಮೆ ಕೆಂಪು ಬಂದೇ ಬರುತ್ತದೆ, ಬಂದಾಗ ಹಿಂದಿನ ನಷ್ಟವೆಲ್ಲ ಕಳೆದು ಹತ್ತು ಡಾಲರ್ ಲಾಭ. ಒಂದೂವರೆ ಗಂಟೆಯಲ್ಲಿ ತೊಂಬತ್ತು ಡಾಲರ್ ಗೆದ್ದ! ಹೆಂಡತಿಯನ್ನು ಕರೆದುಕೊಂಡು ಹೋಗಿ ಒಳ್ಳೆಯ ಊಟ ಹಾಕಿಸಿದ. ಮೊಸರನ್ನ ಕೋಣೆಯಲ್ಲೇ ಉಳಿಯಿತು.

ಇಲ್ಲಿ ನಾನು ಸ್ವಲ್ಪ ಹೊತ್ತು ಮಾಷ್ಟ್ರನಾಗಬೇಕಾಗುತ್ತದೆ, ಓದುಗರು ಕ್ಷಮಿಸಬೇಕು. ಅಮೆರಿಕದ ರೂಲೆಟ್ ಚಕ್ರದಲ್ಲಿ 38 ಮನೆಗಳು. 18 ಕೆಂಪು, 18 ಕಪ್ಪು, ಎರಡು ಹಸುರು. ಆ ಹಸುರು ಮನೆಗಳಿಗೆ ಸೊನ್ನೆ ಮತ್ತು ಜೋಡಿ ಸೊನ್ನೆ ಎಂದು ಹೆಸರು. ಕೆಂಪಿಗೆ ಇಟ್ಟವನು ಗೆಲ್ಲುವುದು 38ರಲ್ಲಿ 18 ಸಲ, ಸೋಲುವುದು 20 ಸಲ. ಗೆದ್ದರೆ ಸಿಗುವುದು ಇಟ್ಟಷ್ಟೇ. ಒಂದೇ ಅಂಕೆಗೆ ಇಟ್ಟು ಗೆದ್ದರೆ ಒಂದಕ್ಕೆ ಮೂವತ್ತೈದು ಕೊಡುತ್ತಾರೆ, ನ್ಯಾಯವಾಗಿ ಕೊಡಬೇಕಾದದ್ದು ಮೂವತ್ತೇಳು. ಯಾವ ರೀತಿ ನೋಡಿದರೂ ಇಟ್ಟ ಪ್ರತಿ ನೂರು ಡಾಲರಿನಲ್ಲಿ ಸರಾಸರಿ ಐದು ಡಾಲರ್ ಇಪ್ಪತ್ತಾರು ಸೆಂಟು ಮನೆಯವನಿಗೆ ಉಳಿಯುತ್ತದೆ. ಕೈಚಳಕ ಬೇಡ, ಮೋಸ ಬೇಡ. ಆ ಎರಡು ಹಸುರು ಮನೆಗಳೇ ಸಾಕು. ಗಂಟೆಗೆ ನಲವತ್ತು ಸುತ್ತು ತಿರುಗಿತೆನ್ನಿ. ಸುತ್ತಿಗೆ ಹತ್ತು ಡಾಲರಿನಂತೆ ಇಟ್ಟವನು ಗಂಟೆಗೆ ಇಪ್ಪತ್ತೊಂದು ಡಾಲರ್ ತೆತ್ತು ಅಲ್ಲಿ ನಿಂತ ಹಾಗೆ.

ದುಪ್ಪಟ್ಟು ಮಾಡುವ ಉಪಾಯವೋ? ಇನ್ನೂರು ಡಾಲರಿನಲ್ಲಿ 10, 20, 40, 80 ಎಂದು ನಾಲ್ಕು ಸಲ ಇಡಬಹುದು, ಒಟ್ಟು 150. ಐದನೆಯದಕ್ಕೆ 160 ಬೇಕು, ಕೈಯಲ್ಲಿ ಐವತ್ತೇ. ಒಂದರ ಮೇಲೊಂದು ನಾಲ್ಕು ಸಲ ಸೋಲುವ ಸಂಭವ ಹದಿಮೂರರಲ್ಲಿ ಒಂದು. ಎಂದರೆ ಸರಾಸರಿಯಲ್ಲಿ ಹನ್ನೆರಡು ಸಲ ಹತ್ತತ್ತು ಡಾಲರ್ ಗೆದ್ದು, ಹದಿಮೂರನೆಯ ಸಲ ನೂರೈವತ್ತು ಕಳೆದುಕೊಳ್ಳುವ ಆಟ ಇದು. ಗೆಲ್ಲುವ ಸಲಗಳೇ ಹೆಚ್ಚಾದ್ದರಿಂದ ಉಪಾಯ ಫಲಿಸಿತೆಂದೇ ತೋರುತ್ತದೆ. ಅವನು ಗೆದ್ದದ್ದು ಒಂಬತ್ತು ಸಲ. ಈ ಲೆಕ್ಕವನ್ನು ಕಾಗದದ ಮೇಲೆ ಹಾಕಿ ತೋರಿಸಿದರೆ, “ಗೊತ್ತಿತ್ತು ಸರ್, ಇದೇ ಲೆಕ್ಕ ನೀವು ನಾಣ್ಯ ಚಿಮ್ಮಿಸಿ ಕಲಿಸಿದ್ದೀರಿ” ಎಂದ. ಗೊತ್ತಿದ್ದೂ ಆಡಿದೆಯಲ್ಲ ಎಂದು ನಾನು ಕೇಳಲಿಲ್ಲ.

ಲೆಕ್ಕದಿಂದಲೇ ಜೂಜುಕಟ್ಟೆಯನ್ನು ಗೆದ್ದವರು ಇಲ್ಲವೆಂದಲ್ಲ. ಎಡ್ವರ್ಡ್ ಥಾರ್ಪ್ ಎಂಬ ಗಣಿತದ ಪ್ರಾಧ್ಯಾಪಕ 1961ರಲ್ಲಿ ಬೇರೆಯವರು ಕೊಟ್ಟ 10,000 ಡಾಲರ್ ಹಿಡಿದು ನೆವಾಡದ ರೀನೋ ಮತ್ತು ಟಾಹೋಗಳಿಗೆ ಹೋಗಿ, ಬ್ಲ್ಯಾಕ್‌ಜ್ಯಾಕ್ ಎಂಬ ಇಸ್ಪೀಟಾಟದಲ್ಲಿ ಹೊರಬಿದ್ದ ಎಲೆಗಳನ್ನು ನೆನಪಿಟ್ಟುಕೊಂಡೇ ಅದನ್ನು ದುಪ್ಪಟ್ಟು ಮಾಡಿದ. 1962ರಲ್ಲಿ ಆ ವಿದ್ಯೆಯನ್ನು ಪುಸ್ತಕವಾಗಿ ಬರೆದ. ಮನೆಯವರು ಸುಮ್ಮನಿದ್ದಾರೆಯೇ? ಒಂದು ಕಟ್ಟಿನ ಬದಲು ಹಲವು ಕಟ್ಟು ಎಲೆಗಳನ್ನು ಕಲಸಿ ಆಡಿಸತೊಡಗಿದರು, ಎಣಿಸುವವರನ್ನು ಗುರುತಿಸಿ ಹೊರಗೆ ಕಳುಹಿಸತೊಡಗಿದರು. ರೂಲೆಟ್ ಚಕ್ರಕ್ಕಾದರೋ ಹಿಂದಿನ ಸುತ್ತಿನ ನೆನಪೇ ಇಲ್ಲ. ಅಲ್ಲಿ ಎಣಿಸುವುದಕ್ಕೆ ಏನೂ ಇಲ್ಲ.

ಎರಡನೆಯ ದಿನ ಇಬ್ಬರೂ ಪೂರ್ವದ ದಂಡೆಯಲ್ಲಿ ಸುತ್ತಿದರು. ಎಮೆರಾಲ್ಡ್ ಬೇ ಕಡೆಯ ರಸ್ತೆ ಹಿಮ ಕುಸಿಯುವ ಭಯದಿಂದ ಮುಚ್ಚಿತ್ತು. ಪೂರ್ವದಲ್ಲಿ ಕೇವ್ ರಾಕ್ ಎಂಬ ದೊಡ್ಡ ಬಂಡೆಯುಂಟು. ವಾಶೋ ಜನರಿಗೆ ಅದು ಪವಿತ್ರ ಸ್ಥಾನ. 1931ರಲ್ಲಿ ಒಮ್ಮೆ, 1957ರಲ್ಲಿ ಇನ್ನೊಮ್ಮೆ ಅದರ ಹೊಟ್ಟೆಯನ್ನು ಕೊರೆದು ಹೆದ್ದಾರಿಗೆ ಸುರಂಗ ಮಾಡಿದ್ದಾರೆ. ಆಮೇಲೆ ಬಂಡೆ ಹತ್ತುವ ಆಟಗಾರರು ಅದಕ್ಕೆ ಮೊಳೆ ಹೊಡೆಯತೊಡಗಿದಾಗ ವಾಶೋ ಜನ ವರ್ಷಗಟ್ಟಲೆ ಹೋರಾಡಿದರು. 2007ರಲ್ಲಿ ನ್ಯಾಯಾಲಯ ಹತ್ತುವುದರ ಮೇಲಿನ ನಿಷೇಧವನ್ನು ಎತ್ತಿಹಿಡಿಯಿತು. ಆ ದಂಡೆಯಲ್ಲಿ ನಿಂತು ನೋಡಿದರೆ ನೀರಿನೊಳಗಿನ ಕಲ್ಲುಗಳನ್ನು ಒಂದೊಂದಾಗಿ ಎಣಿಸಬಹುದಾಗಿತ್ತಂತೆ. ತನ್ನ ಜೀವಮಾನದಲ್ಲಿ ಅಷ್ಟು ಚೆಂದದ ದಿನ ಇನ್ನೊಂದಿಲ್ಲವೆಂದು ಹುಡುಗಿ ಎರಡು ಸಲ ಹೇಳಿದಳು.

ಅಂದು ರಾತ್ರಿ ಆಕೆ ಬೇಗ ಮಲಗಿದಳು. ಒಂದು ಗಂಟೆಯ ಹೊತ್ತಿಗೆ ಅವನಿಗೆ ಎಚ್ಚರವಾಯಿತು. ನಿದ್ದೆ ಬರಲಿಲ್ಲ. ಸದ್ದಾಗದ ಹಾಗೆ ಬಾಗಿಲು ಎಳೆದುಕೊಂಡು ಕೆಳಗಿಳಿದ. ಉಪಾಯದಲ್ಲಿ ದೋಷವಿಲ್ಲ, ಕೈಯಲ್ಲಿ ಹಣ ಸಾಲದಿರುವುದೇ ದೋಷ ಎಂಬುದು ಅವನ ಆಗಿನ ತರ್ಕ. ಗೋಡೆಯ ಯಂತ್ರದಿಂದ ಎರಡು ಸಲ ಹಣ ತೆಗೆದ. ಮೊದಲು ಕೆಲವು ಸಲ ಗೆದ್ದು, ಗೆದ್ದದ್ದನ್ನು ಬೇರೊಂದು ಮೇಜಿನಲ್ಲಿ ಕಳೆದ. ಆಮೇಲೆ ಮತ್ತೆ ಕೆಂಪಿಗೆ ಹತ್ತರಿಂದ ಆರಂಭಿಸಿದಾಗ ಕಪ್ಪು ಬಿತ್ತು. ಮತ್ತೆ ಕಪ್ಪು. ಒಟ್ಟು ಆರು ಸಲ ಕಪ್ಪು, ನಡುವೆ ಒಂದು ಸಲ ಹಸುರು ಸೊನ್ನೆ. 10, 20, 40, 80, 160, 320, 640. ಕೂಡಿಸಿದರೆ 1,270 ಡಾಲರ್. ಎಂಟನೆಯದಕ್ಕೆ 1,280 ಬೇಕು. ಮೇಜಿನ ಫಲಕದಲ್ಲಿ ಬರೆದಿದ್ದ ಗರಿಷ್ಠ ಪಣ ಅದಕ್ಕಿಂತ ಕಡಿಮೆ. ಹಣವಿದ್ದರೂ ಇಡುವ ಹಾಗಿರಲಿಲ್ಲ. ಎಂಬತ್ತೊಂಬತ್ತರಲ್ಲಿ ಒಂದು ಸಲ ಆಗಬಹುದಾದದ್ದು ಅಂದು ಆಯಿತು.

ನಮ್ಮ ಲೆಕ್ಕದಲ್ಲಿ ಅದು ಒಂದು ಲಕ್ಷ ರೂಪಾಯಿಗೆ ಮೇಲೆ. ಇಲ್ಲಿ ಊರಿನಲ್ಲಿ ತಾಯಿ ಒಬ್ಬರೇ ಇರುವ ಹಳೆಮನೆಯ ಮಾಡು ಸೋರುತ್ತಿತ್ತು. ಮಳೆಗಾಲಕ್ಕೆ ಮೊದಲು ಪಕ್ಕಾಸು ಬದಲಾಯಿಸಿ ಹೆಂಚು ಹೊದೆಸಲೆಂದು ಕೂಡಿಟ್ಟ ಹಣದಲ್ಲಿ ಹೋದ ಪಾಲು ಅದು.

ಬೆಳಿಗ್ಗೆ ಅವನು ಬಾಯಿ ಬಿಡುವ ಮೊದಲೇ ಬ್ಯಾಂಕಿನ ಸಂದೇಶ ಹೆಂಡತಿಯ ಫೋನಿಗೆ ಬಂದಿತ್ತು. ಖಾತೆ ಇಬ್ಬರ ಹೆಸರಿನಲ್ಲೂ ಇರುವುದು. ಆಕೆ ಏನೂ ಕೇಳಲಿಲ್ಲ. ಸಾಮಾನು ಕಟ್ಟಿದಳು. ಹೊರಗೆ ರಾತ್ರಿಯಿಡೀ ಹಿಮ ಬಿದ್ದಿತ್ತು. ಎಕೋ ಸಮಿಟ್‌ನ ಕೆಳಗೆ ಗಾಡಿಗಳ ಸಾಲು ನಿಂತುಬಿಟ್ಟಿತ್ತು. ಹಿಮ ಗುಡಿಸುವ ಯಂತ್ರ ಬಂದು ದಾರಿ ಬಿಡಿಸುವ ತನಕ ನಾಲ್ಕು ಗಂಟೆ ಕಾರಿನೊಳಗೇ ಕುಳಿತರು. ಎರಡು ಗಂಟೆ ಮಾತಿಲ್ಲ. ಆಮೇಲೆ ಆಕೆ, ಅವನಿಗೆ ಅಷ್ಟು ದಿನ ಹೇಳದೆ ಇದ್ದ ಒಂದು ಮಾತು ಹೇಳಿದಳು. ತನ್ನ ಅಜ್ಜ ಕೋಳಿ ಅಂಕದಲ್ಲಿ ಒಂದು ಗದ್ದೆ ಕಳೆದದ್ದು, ಆ ಗದ್ದೆಯ ಬದಿಯಿಂದಲೇ ಅಜ್ಜಿ ದಿನಾ ನೀರಿಗೆ ಹೋಗಬೇಕಾಗಿದ್ದದ್ದು, ಅಜ್ಜಿ ಸಾಯುವ ತನಕ ಆ ಕಡೆ ತಲೆ ತಿರುಗಿಸದೆ ನಡೆದದ್ದು. “ಹೋದ ಹಣಕ್ಕೆ ನನಗೆ ಬೇಜಾರಿಲ್ಲ. ನೀವು ಎದ್ದು ಹೋದದ್ದು ನನಗೆ ಗೊತ್ತಾಗಲಿಲ್ಲವಲ್ಲ, ಅದಕ್ಕೆ ಬೇಜಾರು” ಎಂದಳಂತೆ. ಇದನ್ನು ನಮಗೆ ಹೇಳಿದವನು ಅವನೇ. ಆಕೆ ಆಗ ಅಡಿಗೆಮನೆಯಲ್ಲಿ ನನ್ನ ಮನೆಯಾಕೆಯ ಜತೆ ಇದ್ದಳು. ಉಳಿದ ಎರಡು ಗಂಟೆ ಆ ಹಳಸಿದ ಮೊಸರನ್ನವನ್ನು ಎಸೆಯಲೂ ಮನಸ್ಸಿಲ್ಲದೆ, ಒಣಗಿದ ಚಪಾತಿಗೆ ಮಿಡಿ ನಂಜಿಕೊಂಡು ತಿಂದರಂತೆ.

ಸೋತವರೆಲ್ಲ ಹೀಗೆ ಚಪಾತಿ ತಿಂದು ಮನೆಗೆ ಹೋಗುವುದಿಲ್ಲ. ಹಂಗೆರಿಯಿಂದ ವಲಸೆ ಬಂದ ಜಾನ್ ಬಿರ್ಗೆಸ್ ಎಂಬವನು ಜೂಜಿನಲ್ಲಿ ಲಕ್ಷಾಂತರ ಡಾಲರ್ ಕಳೆದುಕೊಂಡಿದ್ದ. 1980ರ ಆಗಸ್ಟಿನಲ್ಲಿ ಸ್ಟೇಟ್‌ಲೈನಿನ ಹಾರ್ವೀಸ್ ಹೋಟೆಲಿಗೆ, ನಕಲು ತೆಗೆಯುವ ಯಂತ್ರ ತಂದವರ ವೇಷದಲ್ಲಿ ತನ್ನ ಆಳುಗಳಿಂದ ಒಂದು ಕಬ್ಬಿಣದ ಪೆಟ್ಟಿಗೆ ಇಡಿಸಿದ. ಒಳಗೆ ಸುಮಾರು ಸಾವಿರ ಪೌಂಡು ಡೈನಮೈಟ್. ಮೂವತ್ತು ಲಕ್ಷ ಡಾಲರ್ ಕೊಡಬೇಕೆಂದು ಚೀಟಿ. ಯಾರೂ ಬಿಚ್ಚಲಾಗದಂತೆ ಮಾಡಿದ ಬಾಂಬು ಅದು. ತಜ್ಞರು ಅದರ ತಲೆಭಾಗವನ್ನು ಸಿಡಿಸಿ ಬೇರ್ಪಡಿಸಲು ಹೋದಾಗ, ಆಗಸ್ಟ್ 27ರಂದು, ಇಡಿಯಾಗಿ ಸಿಡಿದು ಕಟ್ಟಡದ ಹಲವು ಅಂತಸ್ತುಗಳಲ್ಲಿ ದೊಡ್ಡ ಹೊಂಡವಾಯಿತು. ಮೊದಲೇ ಎಲ್ಲರನ್ನೂ ಹೊರಗೆ ಕಳುಹಿಸಿದ್ದರಿಂದ ಒಂದು ಜೀವವೂ ಹೋಗಲಿಲ್ಲ. ಬಿರ್ಗೆಸ್ 1981ರಲ್ಲಿ ಸಿಕ್ಕಿಬಿದ್ದು 1996ರಲ್ಲಿ ಸೆರೆಮನೆಯಲ್ಲೇ ಸತ್ತ. ಹೋಟೆಲನ್ನು ಮತ್ತೆ ಕಟ್ಟಿ ಜೂಜು ಮುಂದುವರಿಸಿದರು.

ಇನ್ನು ಕೋಣೆ ಅಗ್ಗವಾದದ್ದು ಹೇಗೆಂದು ಬೇರೆ ಹೇಳಬೇಕಾಗಿಲ್ಲ. ನಮ್ಮ ಹುಡುಗ ಆ ರಾತ್ರಿ ಮುಂದಿನ ಎಷ್ಟೋ ದಂಪತಿಗಳ ಬಾಡಿಗೆಯಲ್ಲಿ ಪಾಲು ಕೊಟ್ಟು ಬಂದ. ಈಚೆಗೆ ಆ ಹೋಟೆಲುಗಳಿಗೆ ಮೊದಲಿನ ಜೂಜಿನ ವ್ಯಾಪಾರವೂ ಇಲ್ಲ. 2000ದ ಮತದಾನದ ಬಳಿಕ ಕ್ಯಾಲಿಫೋರ್ನಿಯಾದ ಮೂಲನಿವಾಸಿಗಳು ತಮ್ಮ ನೆಲದಲ್ಲಿ ಕ್ಯಾಸಿನೋ ನಡೆಸಬಹುದಾಯಿತು. 2008ರಲ್ಲಿ ಅದೇ 50ನೇ ಹೆದ್ದಾರಿಯ ಮಗ್ಗುಲಲ್ಲಿ, ಬೆಟ್ಟ ಹತ್ತುವ ಮೊದಲೇ, ಒಂದು ತೆರೆಯಿತು. ಜೂಜು ಬೇಕಾದವನು ಹಿಮದಲ್ಲಿ ಸರಪಳಿ ಕಟ್ಟಿ ಮೇಲೆ ಹೋಗಬೇಕಾಗಿಲ್ಲ. ಹಾಗಾಗಿ ಮೇಲಿನವರು ಹಿಮದ ಮೇಲೆ ಜಾರುವ ಆಟ, ಸಂಗೀತ, ಅಗ್ಗದ ಕೋಣೆ ಎಂದು ಗಿರಾಕಿಗಳನ್ನು ಕರೆಯುತ್ತಾರೆ.

ಅವರನ್ನು ನೋಡಿ ನಾವು ನಗುವ ಹಾಗಿಲ್ಲ. ಕೇರಳ ಸರಕಾರ 1967ರಲ್ಲಿ ಲಾಟರಿ ಆರಂಭಿಸಿತು. ಒಂದು ರೂಪಾಯಿಯ ಟಿಕೇಟು, 50,000 ರೂಪಾಯಿಯ ಬಹುಮಾನ, ಮೊದಲ ಡ್ರಾ 1968ರ ಜನವರಿ 26ರಂದು. ಕರ್ನಾಟಕ 2007ರಲ್ಲಿ ಲಾಟರಿಯನ್ನು ನಿಷೇಧಿಸಿತು. ಅಂದಿನಿಂದ ತಲಪಾಡಿಯ ಗೆರೆ ದಾಟಿ ಬಂದು ಟಿಕೇಟು ಕೊಳ್ಳುವವರನ್ನು ನಾವು ನೋಡುತ್ತಲೇ ಇದ್ದೇವೆ. 2024ರ ತಿರುವೋಣಂ ಬಂಪರಿನ 25 ಕೋಟಿ ಸಿಕ್ಕಿದ್ದೂ ವಯನಾಡಿನಲ್ಲಿ ಮಾರಾಟವಾದ ಟಿಕೇಟಿಗೆ, ಮಂಡ್ಯ ಜಿಲ್ಲೆಯ ಒಬ್ಬರಿಗೆ. ಆ ಸುದ್ದಿ ಬಂದ ದಿನ ನಮ್ಮ ಅಧ್ಯಾಪಕರ ಕೋಣೆಯಲ್ಲಿ ಬೇರೆ ಮಾತೇ ಇರಲಿಲ್ಲ. ಪ್ರತಿ ವರ್ಷ ಪಾಲು ಹಾಕಿ ಬಂಪರ್ ಟಿಕೇಟು ಕೊಳ್ಳುವ ಹತ್ತು ಮಂದಿಯಲ್ಲಿ ಈ ಲೇಖಕನೂ ಒಬ್ಬ. ಸಂಭವನೀಯತೆಯ ಪಾಠ ಮಾಡುವವನೂ ನಾನೇ ಎಂಬುದನ್ನು ಮನೆಯಾಕೆ ಆ ರಾತ್ರಿಯೇ ಅತಿಥಿಗಳ ಮುಂದೆ ಹೇಳಿಬಿಟ್ಟಳು.

ಸರೋವರದ ಸ್ಥಿತಿಯನ್ನೂ ಹೇಳಬೇಕು. 1968ರಿಂದ ಅಲ್ಲಿನ ವಿಜ್ಞಾನಿಗಳು ಊಟದ ತಟ್ಟೆಯಷ್ಟು ದೊಡ್ಡ ಒಂದು ಬಿಳಿ ಬಿಲ್ಲೆಯನ್ನು ಹಗ್ಗದಲ್ಲಿ ಇಳಿಬಿಟ್ಟು, ಅದು ಎಷ್ಟು ಆಳದ ತನಕ ಕಣ್ಣಿಗೆ ಕಾಣುತ್ತದೆಂದು ಅಳೆಯುತ್ತ ಬಂದಿದ್ದಾರೆ. ಆರಂಭದ ವರ್ಷ ನೂರು ಅಡಿಗಿಂತ ಕೆಳಗೂ ಕಾಣುತ್ತಿತ್ತು. ಈಚಿನ ವರ್ಷಗಳಲ್ಲಿ ಅರುವತ್ತು ಎಪ್ಪತ್ತು ಅಡಿಗೇ ಮರೆಯಾಗುತ್ತದೆ. ರಸ್ತೆಯ ಧೂಳು, ಕಟ್ಟಡಗಳಿಂದ ಹರಿದುಬರುವ ಮಣ್ಣು, ಪಾಚಿ, ಎಲ್ಲ ಸೇರಿ ಆದದ್ದು. ಎರಡೂ ರಾಜ್ಯಗಳು ಸೇರಿ 1969ರಲ್ಲಿ ಒಂದೇ ಪ್ರಾಧಿಕಾರ ಮಾಡಿಕೊಂಡವು. ಹೊಸ ಕಟ್ಟಡಕ್ಕೆ ಅದರ ಅಪ್ಪಣೆ ಬೇಕು. ಗೆರೆ ಎಲ್ಲಿದ್ದರೂ ನೀರು ಒಂದೇ ಎಂದು ಅವರಿಗೆ ಆಗಲಾದರೂ ತೋರಿತು.

ಹಳೆಮನೆಯ ಮಾಡು ಏನಾಯಿತೆಂದು ಓದುಗರು ಕೇಳಬಹುದು. ಆಯಿತು. ಹುಡುಗಿ ತನ್ನ ಒಂದು ಬಳೆಯನ್ನು ಅಡವಿಟ್ಟು ಹಣ ಹೊಂದಿಸಿದಳು, ಮೇ ಕೊನೆಯೊಳಗೆ ಹೆಂಚು ಹೊದೆಸಿಯೇ ಇಬ್ಬರೂ ವಿಮಾನ ಹತ್ತಿದರು. ಅಂದು ಹೊರಡುವಾಗ ಅಂಗಳದಲ್ಲಿ ನಿಂತು, ಇನ್ನು ಆ ಕಡೆ ಹೋಗುವುದಿಲ್ಲವಲ್ಲ ಎಂದು ನಾನು ಕೇಳಿದೆ.

“ಹೋಗುತ್ತೇವೆ ಸರ್, ಬರುವ ಜನವರಿಗೇ ಹೋಗುತ್ತೇವೆ. ಆ ನೀರನ್ನು ಇನ್ನೊಮ್ಮೆ ನೋಡಬೇಕು” ಎಂದಳು ಹುಡುಗಿ. “ಕ್ಯಾಲಿಫೋರ್ನಿಯಾದ ಬದಿಯಲ್ಲಿ ಒಂದು ಸಣ್ಣ ವಸತಿಗೃಹ ನೋಡಿಟ್ಟಿದ್ದೇನೆ. ರಾತ್ರಿಗೆ ನಲವತ್ತು ಡಾಲರ್ ಹೆಚ್ಚು.”

ಅವನು ಆಗಲೇ ಚೀಲಗಳನ್ನು ಎತ್ತಿಕೊಂಡು ಗೇಟಿನ ಹತ್ತಿರ ಹೋಗಿದ್ದ.